ಲಕ್ಷ್ಮಣರಾವ್ ಕಿರ್ಲೋಸ್ಕರ್

ಲಕ್ಷ್ಮಣರಾವ್ ಕಾಶೀನಾಥ ಕಿರ್ಲೋಸ್ಕರ್ (ಜೂನ್ 20, 1869 – ಸೆಪ್ಟೆಂಬರ್ 26, 1956) ಭಾರತದ ಯಂತ್ರೋದ್ಯಮದ ಆದ್ಯರಲ್ಲಿ ಒಬ್ಬರು. ಇಂದಿನ ಬೆಳಗಾವಿ ಜಿಲ್ಲೆಯಲ್ಲಿ ಹುಟ್ಟಿದ ಇವರು ಕಿರ್ಲೋಸ್ಕರ್ ಬ್ರದರ್ಸ್ ಸಂಸ್ಥೆಯ ಸ್ಥಾಪಕರು. ಸೈಕಲ್ ಅಂಗಡಿಯಿಂದ ಆರಂಭವಾದ ಅವರ ಉದ್ಯಮವು ಮೇವು ಕತ್ತರಿಸುವ ಯಂತ್ರ, ಕಬ್ಬಿಣದ ನೇಗಿಲು, ನೀರೆತ್ತುವ ಪಂಪು ಎಂದು ಒಂದೊಂದೇ ಹೆಜ್ಜೆಯಾಗಿ ಬೆಳೆಯಿತು. ಇವರ ಕಾರ್ಖಾನೆಯಲ್ಲಿ 1926ರಲ್ಲಿ ತಯಾರಾದ ಕೇಂದ್ರಾಪಗಾಮಿ ಪಂಪು ಭಾರತದಲ್ಲಿಯೇ ನಿರ್ಮಾಣಗೊಂಡ ಆ ಬಗೆಯ ಮೊದಲ ಪಂಪುಗಳಲ್ಲಿ ಒಂದು. ಮುಂದಿನ ದಶಕಗಳಲ್ಲಿ ಇಂಥ ಪಂಪುಗಳು ಬಯಲುಸೀಮೆಯ ಹೊಲಗಳಿಗೆ ಮಾತ್ರವಲ್ಲದೆ ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಗಳಂಥ ಕರಾವಳಿ ಪ್ರದೇಶದ ಅಡಿಕೆ ಮತ್ತು ತೆಂಗಿನ ತೋಟಗಳಿಗೂ ನೀರು ಹಾಯಿಸುವ ಮುಖ್ಯ ಸಾಧನವಾದವು.

ಜನನ ಮತ್ತು ಶಿಕ್ಷಣ

ಲಕ್ಷ್ಮಣರಾಯರು ಹುಟ್ಟಿದ್ದು ಗುರ್ಲಹೊಸೂರು ಎಂಬ ಗ್ರಾಮದಲ್ಲಿ. ಮರಾಠಿ ಸಂಗೀತ ನಾಟಕದ ಪ್ರವರ್ತಕರಾದ ಅಣ್ಣಾಸಾಹೇಬ ಕಿರ್ಲೋಸ್ಕರ್ ಅವರ ಜನ್ಮಸ್ಥಳವೂ ಇದೇ. ಮನೆಮಾತು ಮರಾಠಿ, ಸುತ್ತಲಿನ ಸೀಮೆಯ ಮಾತು ಕನ್ನಡ. ಬಾಲ್ಯದಲ್ಲಿ ಲಕ್ಷ್ಮಣರಾಯರಿಗೆ ಶಾಲೆಯ ಪಾಠಗಳಿಗಿಂತ ಚಿತ್ರ ಬರೆಯುವುದರಲ್ಲಿ ಮತ್ತು ಯಂತ್ರಗಳನ್ನು ಬಿಚ್ಚಿ ನೋಡುವುದರಲ್ಲಿ ಹೆಚ್ಚಿನ ಆಸಕ್ತಿಯಿತ್ತು. ಹಿರಿಯ ಸೋದರ ರಾಮಚಂದ್ರರಾವ್ (ರಾಮೂಅಣ್ಣ) ಅವರ ಬೆಂಬಲದಿಂದ 1885ರಲ್ಲಿ ಮುಂಬಯಿಯ ಜೆ. ಜೆ. ಕಲಾಶಾಲೆಯನ್ನು ಸೇರಿದರು.

ಆದರೆ ಕೆಲವು ಬಣ್ಣಗಳನ್ನು ಅವರ ಕಣ್ಣು ಸರಿಯಾಗಿ ಗುರುತಿಸಲಾರದೆಂಬುದು ಅಲ್ಲಿ ತಿಳಿದುಬಂದಿತು. ವರ್ಣಚಿತ್ರಕಾರನಾಗುವ ಆಸೆ ಅಲ್ಲಿಗೆ ಮುಗಿಯಿತು. ರೇಖೆಗಳಲ್ಲಿ ಮಾತ್ರ ಅವರ ಕೈ ಸ್ಥಿರವಾಗಿತ್ತು. ಬಣ್ಣದ ಅಗತ್ಯವೇ ಇಲ್ಲದ ಯಾಂತ್ರಿಕ ರೇಖಾಚಿತ್ರವನ್ನು ಅವರು ಅಭ್ಯಾಸ ಮಾಡಿದರು. ಅನಂತರ ಮುಂಬಯಿಯ ವಿಕ್ಟೋರಿಯಾ ಜ್ಯೂಬಿಲಿ ಟೆಕ್ನಿಕಲ್ ಇನ್‌ಸ್ಟಿಟ್ಯೂಟ್‌ನಲ್ಲಿ ಅದೇ ವಿಷಯದ ಅಧ್ಯಾಪಕರಾದರು. ಸಂಸ್ಥೆಯ ಕಾರ್ಯಾಗಾರದಲ್ಲಿ ಬಿಡುವಿನ ವೇಳೆ ಕಳೆಯುತ್ತ ಯಂತ್ರಗಳ ರಚನೆಯನ್ನೂ ದುರಸ್ತಿಯನ್ನೂ ಕೈಯಾರೆ ಕಲಿತರು. ಇಂಜಿನಿಯರಿಂಗ್ ಪದವಿಯನ್ನು ಅವರು ಎಂದೂ ಪಡೆಯಲಿಲ್ಲ. ತಮಗೆ ಸಲ್ಲಬೇಕಾಗಿದ್ದ ಬಡ್ತಿಯು ಬೇರೊಬ್ಬರಿಗೆ ದೊರೆತಾಗ ಅವರು ನೌಕರಿಯನ್ನು ಬಿಟ್ಟು ಬೆಳಗಾವಿಗೆ ಮರಳಿದರು.

ಬೆಳಗಾವಿಯ ಸೈಕಲ್ ಅಂಗಡಿ

ಮುಂಬಯಿಯಲ್ಲಿದ್ದಾಗಲೇ ಲಕ್ಷ್ಮಣರಾಯರು ಸೋದರನೊಂದಿಗೆ ಸೇರಿ ಸೈಕಲ್ ವ್ಯಾಪಾರಕ್ಕೆ ಕೈಹಾಕಿದ್ದರು. ಕಿರ್ಲೋಸ್ಕರ್ ಬ್ರದರ್ಸ್ ಸಂಸ್ಥೆಯು 1888ನ್ನು ತನ್ನ ಸ್ಥಾಪನೆಯ ವರ್ಷವೆಂದು ಪರಿಗಣಿಸುತ್ತದೆ. ಆ ಕಾಲದಲ್ಲಿ ಸೈಕಲ್ಲು ವಿದೇಶದಿಂದ ಬರುವ ದುಬಾರಿ ವಸ್ತುವಾಗಿತ್ತು. ಸೈಕಲ್ಲುಗಳನ್ನು ಮಾರುವುದರ ಜೊತೆಗೆ ಅವುಗಳ ಸವಾರಿ ಕಲಿಸುವುದು, ಕೆಟ್ಟುಹೋದವನ್ನು ಸರಿಪಡಿಸುವುದು ಅಂಗಡಿಯ ಕೆಲಸವಾಗಿತ್ತು. ಅಂಗಡಿಯಿದ್ದ ಬೀದಿಗೆ ಇಂದಿಗೂ ಕಿರ್ಲೋಸ್ಕರ್ ರಸ್ತೆ ಎಂಬ ಹೆಸರಿದೆ.

ದುರಸ್ತಿಯ ಕೆಲಸದಿಂದ ತಯಾರಿಕೆಯ ಕಡೆಗೆ ಅವರ ಮನಸ್ಸು ಹರಿಯಿತು. ಸುತ್ತಲಿನವರೆಲ್ಲ ಕೃಷಿಕರು. ಆದ್ದರಿಂದ ಅವರು ತಯಾರಿಸಿದ ಮೊದಲ ಯಂತ್ರವೂ ಕೃಷಿಗೆ ಸಂಬಂಧಿಸಿದ್ದೇ ಆಗಿತ್ತು. ಅದು ದನಗಳ ಮೇವನ್ನು ಸಣ್ಣಗೆ ಕತ್ತರಿಸುವ ಯಂತ್ರ.

ಕಬ್ಬಿಣದ ನೇಗಿಲು

ಮೇವು ಕತ್ತರಿಸುವ ಯಂತ್ರದ ಅನಂತರ ಲಕ್ಷ್ಮಣರಾಯರು ಕಬ್ಬಿಣದ ನೇಗಿಲನ್ನು ತಯಾರಿಸಿದರು. ಮರದ ನೇಗಿಲು ಮಣ್ಣನ್ನು ಗೀರುತ್ತದೆಯೇ ಹೊರತು ಆಳವಾಗಿ ಮಗುಚುವುದಿಲ್ಲ. ಕರಿಮಣ್ಣಿನ ಸೀಮೆಯಲ್ಲಿ ಬೇರುಬಿಟ್ಟ ಕಳೆಯನ್ನು ಕೀಳಲು ಮಣ್ಣನ್ನು ಮಗುಚುವ ನೇಗಿಲೇ ಬೇಕು. ಇದು ರೈತರಿಗೆ ತಿಳಿಯದ ಸಂಗತಿಯೇನಲ್ಲ. ಆದರೂ ಕಬ್ಬಿಣ ತಗಲಿದರೆ ಭೂಮಿಗೆ ವಿಷವೇರುತ್ತದೆ ಎಂಬ ನಂಬಿಕೆ ಬಲವಾಗಿತ್ತು. ತಯಾರಾದ ನೇಗಿಲುಗಳು ಸುಮಾರು ಎರಡು ವರ್ಷ ಮಾರಾಟವಾಗದೆ ಉಳಿದವು.

ಈ ಅವಧಿಯಲ್ಲಿ ಲಕ್ಷ್ಮಣರಾಯರು ರೈತರ ಅಪನಂಬಿಕೆಯನ್ನು ಅಜ್ಞಾನವೆಂದು ತಳ್ಳಿಹಾಕಲಿಲ್ಲ. ಹೊಲಗಳಲ್ಲಿ ಉತ್ತು ತೋರಿಸಿದರು, ನೇಗಿಲಿನ ಕುಂದುಗಳನ್ನು ಕೇಳಿ ತಿದ್ದಿದರು. ಬಳಸುವವನ ಹೊಲದಲ್ಲಿ ಕೆಲಸ ಮಾಡದ ಯಂತ್ರಕ್ಕೆ ಬೆಲೆಯಿಲ್ಲ ಎಂಬ ಈ ಅರಿವೇ ಮುಂದೆ ಪಂಪುಗಳ ತಯಾರಿಕೆಯಲ್ಲಿಯೂ ಅವರಿಗೆ ದಾರಿ ತೋರಿತು. ಒಮ್ಮೆ ನೇಗಿಲಿಗೆ ಹೆಸರು ಬಂದ ಮೇಲೆ ಬೇಡಿಕೆ ಏರುತ್ತಲೇ ಹೋಯಿತು.

ಕಿರ್ಲೋಸ್ಕರವಾಡಿ

ಉದ್ಯಮವು ನೆಲೆಗೊಳ್ಳುತ್ತಿದ್ದ ಹೊತ್ತಿಗೆ ಊರಿನ ವಿಸ್ತರಣೆಯ ಸಲುವಾಗಿ ಬೆಳಗಾವಿಯ ಕಾರ್ಖಾನೆಯ ಜಾಗವನ್ನು ತೆರವು ಮಾಡಬೇಕಾಯಿತು. ಇನ್ನೊಂದು ಜಾಗವನ್ನು ಕೊಂಡು ಕಟ್ಟಡ ಕಟ್ಟುವಷ್ಟು ಹಣ ಅವರಲ್ಲಿರಲಿಲ್ಲ. ಆಗ ಲಕ್ಷ್ಮಣರಾಯರು ಔಂಧ ಸಂಸ್ಥಾನದಲ್ಲಿ ಸಭಾಮಂಟಪವೊಂದರ ನಿರ್ಮಾಣವನ್ನು ವಹಿಸಿಕೊಂಡಿದ್ದರು. ಸಂಸ್ಥಾನದ ಅರಸರಾದ ಬಾಳಾಸಾಹೇಬ ಪಂತಪ್ರತಿನಿಧಿ ಸ್ವತಃ ಚಿತ್ರಕಾರರು. ಅವರು ಕುಂಡಲ್ ರೋಡ್ ರೈಲು ನಿಲ್ದಾಣದ ಬಳಿ ಸುಮಾರು 32 ಎಕರೆ ಭೂಮಿಯನ್ನೂ ಸಾಲವನ್ನೂ ಒದಗಿಸಿದರು.

ಅದು ಪಾಪಾಸುಕಳ್ಳಿ ಬೆಳೆದ ಬಂಜರು ಭೂಮಿಯಾಗಿತ್ತು. ಮಾರ್ಚ್ 1910ರಲ್ಲಿ ಲಕ್ಷ್ಮಣರಾಯರು ತಮ್ಮ ಕುಟುಂಬ ಮತ್ತು ಕೆಲವೇ ಸಹೋದ್ಯೋಗಿಗಳೊಡನೆ ಅಲ್ಲಿಗೆ ಹೋಗಿ ನೆಲೆಸಿದರು. ಕಾರ್ಖಾನೆಯ ಜೊತೆಗೆ ಕೆಲಸಗಾರರ ಮನೆಗಳು, ಶಾಲೆ, ರಸ್ತೆಗಳು ನಿರ್ಮಾಣವಾಗಿ ಕಿರ್ಲೋಸ್ಕರವಾಡಿ ಎಂಬ ಊರು ಹುಟ್ಟಿತು. ಮುಂದೆ ರೈಲು ನಿಲ್ದಾಣಕ್ಕೂ ಅದೇ ಹೆಸರಾಯಿತು. ಈಗ ಈ ಊರು ಮಹಾರಾಷ್ಟ್ರದ ಸಾಂಗಲಿ ಜಿಲ್ಲೆಯಲ್ಲಿದೆ.

ಹೊಸ ಊರಿನಲ್ಲಿ ಅಸ್ಪೃಶ್ಯತೆಯ ಆಚರಣೆಗೆ ಲಕ್ಷ್ಮಣರಾಯರು ಅವಕಾಶ ಕೊಡಲಿಲ್ಲ. ಶಿಕ್ಷೆ ಅನುಭವಿಸಿ ಬಂದವರನ್ನು ನಂಬಿ ರಾತ್ರಿಯ ಕಾವಲಿಗೆ ನೇಮಿಸಿಕೊಂಡದ್ದೂ ಉಂಟು. 1920ರಲ್ಲಿ ಸಂಸ್ಥೆಯು ಸೀಮಿತ ಕಂಪನಿಯಾಯಿತು. ಅದೇ ವರ್ಷ ಬಂಧು ಶಂಕರರಾವ್ ಕಿರ್ಲೋಸ್ಕರ್ ಅವರ ಸಂಪಾದಕತ್ವದಲ್ಲಿ ಆರಂಭವಾದ ಪತ್ರಿಕೆಯು ಮುಂದೆ ಮರಾಠಿಯ ಪ್ರಸಿದ್ಧ ಮಾಸಿಕ 'ಕಿರ್ಲೋಸ್ಕರ್' ಆಗಿ ಬೆಳೆಯಿತು. 'ಸ್ತ್ರೀ' ಮತ್ತು 'ಮನೋಹರ' ಅದರ ಸೋದರ ಪತ್ರಿಕೆಗಳು.

ಕೇಂದ್ರಾಪಗಾಮಿ ಪಂಪು

ನೇಗಿಲು ಮಣ್ಣನ್ನು ಸಿದ್ಧಪಡಿಸಬಲ್ಲದು, ಬೆಳೆಗೆ ನೀರನ್ನು ಕೊಡಲಾರದು. ನೇಗಿಲನ್ನು ಕೊಂಡ ರೈತನ ಮುಂದಿನ ಅಗತ್ಯ ನೀರೇ ಆಗಿತ್ತು. ಆ ಕಾಲದಲ್ಲಿ ಬಾವಿಯಿಂದ ನೀರೆತ್ತಲು ಎತ್ತುಗಳಿಂದ ನಡೆಯುವ ಕಪಿಲೆ, ಮನುಷ್ಯರು ತುಳಿಯುವ ಅಥವಾ ಎಳೆಯುವ ಏತ ಮುಂತಾದ ಸಾಧನಗಳಿದ್ದವು. ಕಿರ್ಲೋಸ್ಕರವಾಡಿಯಲ್ಲಿ ಮೊದಲು ಕೈಪಂಪುಗಳು, ಬಳಿಕ 1926ರಲ್ಲಿ ಕೇಂದ್ರಾಪಗಾಮಿ ಪಂಪು ತಯಾರಾದವು. ಅದೇ ವರ್ಷ ಲಕ್ಷ್ಮಣರಾಯರ ಮಗ ಶಂತನುರಾವ್ ಕಿರ್ಲೋಸ್ಕರ್ ಅಮೆರಿಕದ ಮ್ಯಾಸಚೂಸೆಟ್ಸ್ ತಾಂತ್ರಿಕ ಸಂಸ್ಥೆಯಲ್ಲಿ ಪದವಿ ಮುಗಿಸಿ ಹಿಂದಿರುಗಿ ಕಾರ್ಖಾನೆಯ ಕೆಲಸದಲ್ಲಿ ತೊಡಗಿದರು.

ಕೇಂದ್ರಾಪಗಾಮಿ ಪಂಪಿನ ರಚನೆ ಸರಳವಾದದ್ದು. ಬಸವನ ಹುಳುವಿನ ಚಿಪ್ಪಿನಾಕಾರದ ಎರಕದ ಕಬ್ಬಿಣದ ಕವಚದೊಳಗೆ ಬಾಗಿದ ಅಲಗುಗಳುಳ್ಳ ಒಂದು ಚಕ್ರವಿರುತ್ತದೆ. ಇದಕ್ಕೆ ಇಂಪೆಲ್ಲರ್ ಎಂದು ಹೆಸರು. ಚಕ್ರದ ನಡುವಿನ ಕಣ್ಣಿನಿಂದ ಒಳಬಂದ ನೀರು ಅಲಗುಗಳೊಡನೆ ತಿರುಗುತ್ತ ವೇಗವನ್ನು ಪಡೆದು ಅಂಚಿನಿಂದ ಹೊರಚಿಮ್ಮುತ್ತದೆ. ಕವಚದ ದಾರಿಯು ಕ್ರಮೇಣ ಅಗಲವಾಗುವುದರಿಂದ ನೀರಿನ ವೇಗ ತಗ್ಗಿ ಒತ್ತಡ ಹೆಚ್ಚುತ್ತದೆ. ಆ ಒತ್ತಡವೇ ನೀರನ್ನು ಮೇಲಕ್ಕೆ ದೂಡುತ್ತದೆ.

ತಿರುಗುವ ಚಕ್ರ ಮತ್ತು ನಿಂತ ಕವಚದ ನಡುವಿನ ಎಳೆತ

ಪಂಪಿಗೆ ಕೊಟ್ಟ ಶಕ್ತಿಯೆಲ್ಲವೂ ನೀರನ್ನು ಎತ್ತುವುದಕ್ಕೆ ಬಳಕೆಯಾಗುವುದಿಲ್ಲ. ನಷ್ಟದ ಒಂದು ಮುಖ್ಯ ಮೂಲ ಚಕ್ರದ ಹೊರಮೈಯಲ್ಲಿದೆ. ಅಲಗುಗಳನ್ನು ಎರಡೂ ಕಡೆಯಿಂದ ಮುಚ್ಚಿರುವ ತಟ್ಟೆಗಳು ಚಕ್ರದೊಡನೆ ತಿರುಗುತ್ತವೆ, ಅವುಗಳ ಎದುರಿನ ಕವಚದ ಗೋಡೆ ನಿಶ್ಚಲವಾಗಿರುತ್ತದೆ. ನಡುವಿನ ಕಿರಿದಾದ ಸಂದಿಯಲ್ಲಿ ತುಂಬಿರುವ ನೀರು ಮೇಲಕ್ಕೆ ಏರುವ ನೀರಲ್ಲ. ಆದರೂ ಅದನ್ನು ತಿರುಗಿಸುವುದಕ್ಕೆ ಚಕ್ರವು ಶಕ್ತಿಯನ್ನು ವ್ಯಯಿಸಲೇಬೇಕು. ಈ ನಷ್ಟವನ್ನು ತಟ್ಟೆ ಘರ್ಷಣೆ ಎನ್ನುತ್ತಾರೆ.

ನೀರಿಗೆ ಸ್ನಿಗ್ಧತೆಯಿರುವುದರಿಂದ ತಿರುಗುವ ತಟ್ಟೆಗೆ ಅಂಟಿದ ಪದರವು ತಟ್ಟೆಯ ವೇಗದಲ್ಲಿಯೇ ಚಲಿಸುತ್ತದೆ. ಗೋಡೆಗೆ ಅಂಟಿದ ಪದರವು ನಿಂತೇ ಇರುತ್ತದೆ. ತಟ್ಟೆಯ ಬಳಿಯ ನೀರು ತಿರುಗುವ ರಭಸಕ್ಕೆ ಅಂಚಿನ ಕಡೆಗೆ ಹೊರಟರೆ, ಅದರ ಸ್ಥಾನವನ್ನು ತುಂಬಲು ಗೋಡೆಯ ಬಳಿಯ ನೀರು ನಡುವಿನ ಕಡೆಗೆ ಸರಿಯುತ್ತದೆ. ಹೀಗೆ ಸಂದಿಯೊಳಗೆ ನೀರು ಸುತ್ತುತ್ತಿರುವಾಗಲೇ ಹೊರಕ್ಕೂ ಒಳಕ್ಕೂ ಹರಿಯುವ ಮತ್ತೊಂದು ಸುಳಿಯೂ ಏರ್ಪಡುತ್ತದೆ. ಇದರಲ್ಲಿ ವ್ಯಯವಾದ ಶಕ್ತಿಯು ಶಾಖವಾಗಿ ಮಾರ್ಪಡುತ್ತದೆ. ನೀರು ಹೊರಹೋಗುವ ಕವಾಟವನ್ನು ಮುಚ್ಚಿ ಪಂಪನ್ನು ಬಹಳ ಹೊತ್ತು ಓಡಿಸಿದರೆ ಒಳಗಿನ ನೀರು ಬಿಸಿಯಾಗಲು ಇದೂ ಒಂದು ಕಾರಣ.

ಈ ಹರಿವು ಇಪ್ಪತ್ತನೆಯ ಶತಮಾನದ ದ್ರವ ಚಲನಶಾಸ್ತ್ರದ ಪ್ರಸಿದ್ಧ ಸಮಸ್ಯೆಗಳಲ್ಲಿ ಒಂದು. ಹಂಗೇರಿ ಮೂಲದ ವಿಜ್ಞಾನಿ ಥಿಯೋಡರ್ ಫಾನ್ ಕಾರ್ಮನ್ 1921ರಲ್ಲಿ, ಅಂದರೆ ಕಿರ್ಲೋಸ್ಕರವಾಡಿಯ ಪಂಪಿಗೆ ಐದು ವರ್ಷ ಮೊದಲು, ವಿಶಾಲವಾದ ದ್ರವದಲ್ಲಿ ಒಂಟಿಯಾಗಿ ತಿರುಗುವ ತಟ್ಟೆಯ ಹರಿವನ್ನು ಗಣಿತದಿಂದ ವಿವರಿಸಿದರು. ಒಂದು ತಟ್ಟೆ ತಿರುಗುತ್ತ ಇನ್ನೊಂದು ನಿಂತಿದ್ದರೆ ನಡುವಿನ ದ್ರವ ಏನು ಮಾಡುತ್ತದೆ ಎಂಬ ಪ್ರಶ್ನೆಗೆ 1951ರಲ್ಲಿ ಜಿ. ಕೆ. ಬ್ಯಾಚೆಲರ್ ಒಂದು ಉತ್ತರವನ್ನೂ 1953ರಲ್ಲಿ ಕೀತ್ ಸ್ಟೂವರ್ಟ್‌ಸನ್ ಬೇರೊಂದು ಉತ್ತರವನ್ನೂ ಕೊಟ್ಟರು. ಬ್ಯಾಚೆಲರ್ ಅವರ ಪ್ರಕಾರ ಎರಡು ತಟ್ಟೆಗಳ ಬಳಿಯಲ್ಲಿಯೂ ತೆಳುವಾದ ಪದರಗಳಿದ್ದು, ನಡುವಿನ ದ್ರವವು ಒಂದು ಗಟ್ಟಿ ವಸ್ತುವಿನಂತೆ ತಟ್ಟೆಗಿಂತ ಕಡಿಮೆ ವೇಗದಲ್ಲಿ ತಿರುಗುತ್ತದೆ. ಸ್ಟೂವರ್ಟ್‌ಸನ್ ಅವರ ಪ್ರಕಾರ ತಿರುಗುವ ತಟ್ಟೆಯಿಂದ ದೂರದ ದ್ರವವು ತಿರುಗುವುದೇ ಇಲ್ಲ. ಪಂಪಿನ ಕವಚದಂತೆ ಸುತ್ತಲೂ ಮುಚ್ಚಿದ ಜಾಗದಲ್ಲಿ ಬ್ಯಾಚೆಲರ್ ಅವರ ಚಿತ್ರಣವೇ ಹೆಚ್ಚು ಹೊಂದುತ್ತದೆ ಎಂದು ಮುಂದಿನ ಪ್ರಯೋಗಗಳು ತೋರಿಸಿದವು. ಅಂಥಲ್ಲಿ ನಡುವಿನ ನೀರು ಸಾಮಾನ್ಯವಾಗಿ ತಟ್ಟೆಯ ಅರ್ಧ ವೇಗಕ್ಕಿಂತ ತುಸು ಕಡಿಮೆ ವೇಗದಲ್ಲಿ ತಿರುಗುತ್ತದೆ.

ಪಂಪನ್ನು ತಯಾರಿಸುವವನಿಗೆ ಇದರಿಂದ ದೊರೆಯುವ ಪಾಠಗಳು ಸ್ಪಷ್ಟವಾಗಿವೆ. ತಟ್ಟೆ ಘರ್ಷಣೆಯ ನಷ್ಟವು ಸ್ಥೂಲವಾಗಿ ವೇಗದ ಮೂರನೆಯ ಘಾತಕ್ಕೂ ಚಕ್ರದ ವ್ಯಾಸದ ಐದನೆಯ ಘಾತಕ್ಕೂ ಅನುಗುಣವಾಗಿ ಏರುತ್ತದೆ. ವೇಗ ಇಮ್ಮಡಿಯಾದರೆ ನಷ್ಟ ಸುಮಾರು 8 ಪಟ್ಟು. ವ್ಯಾಸವು ನೂರಕ್ಕೆ 10ರಷ್ಟು ಹೆಚ್ಚಾದರೆ ನಷ್ಟ ನೂರಕ್ಕೆ ಸುಮಾರು 60ರಷ್ಟು ಹೆಚ್ಚು. ಆದರೆ ನೀರನ್ನು ಎಷ್ಟು ಎತ್ತರಕ್ಕೆ ಏರಿಸಬಹುದು ಎಂಬುದನ್ನು ನಿರ್ಧರಿಸುವುದು ಮುಖ್ಯವಾಗಿ ಚಕ್ರದ ಅಂಚಿನ ವೇಗ. ಆದ್ದರಿಂದ ಚಕ್ರದ ವ್ಯಾಸವನ್ನು ಅರ್ಧಕ್ಕೆ ಇಳಿಸಿ ವೇಗವನ್ನು ಇಮ್ಮಡಿಗೊಳಿಸಿದರೆ ಎತ್ತರ ಅಷ್ಟೇ ಉಳಿದು ತಟ್ಟೆ ಘರ್ಷಣೆಯು ನಾಲ್ಕನೆಯ ಒಂದು ಭಾಗಕ್ಕೆ ಇಳಿಯುತ್ತದೆ. ನಿಧಾನವಾಗಿ ತಿರುಗುವ ಎಣ್ಣೆ ಇಂಜಿನಿನ ದೊಡ್ಡ ಗಾಲಿಯಿಂದ ಪಂಪಿನ ಚಿಕ್ಕ ಗಾಲಿಗೆ ಬೆಲ್ಟ್ ಹಾಕಿ ವೇಗವನ್ನು ಹೆಚ್ಚಿಸುತ್ತಿದ್ದುದು, ಮುಂದೆ ನಿಮಿಷಕ್ಕೆ ಸುಮಾರು 1,450 ಅಥವಾ 2,900 ಸುತ್ತು ತಿರುಗುವ ವಿದ್ಯುತ್ ಮೋಟಾರಿಗೆ ಪಂಪನ್ನು ನೇರವಾಗಿ ಜೋಡಿಸಿದ್ದು ಈ ಲೆಕ್ಕಕ್ಕೆ ಹೊಂದುವಂಥದು.

ಎರಕದ ನುಣುಪು ಮತ್ತು ಸಂದಿಯ ಅಳತೆಯೂ ಅಷ್ಟೇ ಮುಖ್ಯ. ತಟ್ಟೆಯ ಮೈ ಒರಟಾದಷ್ಟೂ ಎಳೆತ ಹೆಚ್ಚು. ಸಂದಿಯು ಅತಿ ಕಿರಿದಾದರೆ ಎರಡೂ ಕಡೆಯ ಪದರಗಳು ಒಂದಾಗಿ ಎಳೆತ ಏರುತ್ತದೆ. ಆದರೆ ಚಕ್ರದ ಕಣ್ಣಿನ ಸುತ್ತ, ಒತ್ತಡದ ನೀರು ಹಿಂದಕ್ಕೆ ನುಸುಳುವಲ್ಲಿ, ಸಂದಿಯು ಕಿರಿದಾಗಿಯೇ ಇರಬೇಕು. ಅಲ್ಲಿ ಕೂರಿಸುವ ಉಂಗುರವು ಮರಳಿನಿಂದ ಸವೆದರೆ ಎತ್ತಿದ ನೀರೇ ಪುನಃ ಒಳಗೆ ಸೇರಿ ಪಂಪಿನ ದಕ್ಷತೆ ಕುಗ್ಗುತ್ತದೆ. ಹೀಗಾಗಿ ನೇಗಿಲಿಗಿಂತ ಪಂಪಿಗೆ ಬಹಳ ಹೆಚ್ಚಿನ ನಿಖರತೆ ಬೇಕಾಗಿತ್ತು. ರೇಖಾಚಿತ್ರದ ಶಿಸ್ತಿನಿಂದ ಬಂದ ಲಕ್ಷ್ಮಣರಾಯರ ಕಾರ್ಖಾನೆಗೆ ಎರಕ ಮತ್ತು ಕಡೆತದ ಕೆಲಸಗಳಲ್ಲಿ ಆ ವೇಳೆಗೆ ಹಲವು ವರ್ಷಗಳ ಅನುಭವವಿತ್ತು.

ಕರಾವಳಿಯ ತೋಟಗಳಲ್ಲಿ ಪಂಪು

ಕೇಂದ್ರಾಪಗಾಮಿ ಪಂಪಿನಿಂದಾದ ಬದಲಾವಣೆಗೆ ದಕ್ಷಿಣ ಕನ್ನಡ ಜಿಲ್ಲೆ ಒಳ್ಳೆಯ ಉದಾಹರಣೆ. ಇಲ್ಲಿ ಮಳೆ ಹೇರಳ, ಆದರೆ ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಾಲ್ಕು ತಿಂಗಳಲ್ಲಿಯೇ ಸುರಿದು ಸಮುದ್ರ ಸೇರುತ್ತದೆ. ಅಡಿಕೆ ಮರಕ್ಕಾದರೋ ಡಿಸೆಂಬರ್‌ನಿಂದ ಮೇ ತಿಂಗಳವರೆಗೆ ನೀರು ಬೇಕು. ನೇತ್ರಾವತಿಯ ದಡದ ಬಂಟ್ವಾಳ, ಘಟ್ಟದ ಬುಡದ ಬೆಳ್ತಂಗಡಿ, ಗುಡ್ಡ ಮತ್ತು ಬೈಲುಗಳ ಮೂಡುಬಿದಿರೆ ಈ ಮೂರೂ ಕಡೆಗಳಲ್ಲಿ ಕೃಷಿಕರು ಇದಕ್ಕಾಗಿ ತಮ್ಮದೇ ಉಪಾಯಗಳನ್ನು ಕಂಡುಕೊಂಡಿದ್ದರು. ತೋಡುಗಳಿಗೆ ಪ್ರತಿವರ್ಷವೂ ಮಣ್ಣಿನ ಕಟ್ಟ ಕಟ್ಟುವುದು, ಮುರಕಲ್ಲಿನ ಗುಡ್ಡಗಳಲ್ಲಿ ಸುರಂಗ ಕೊರೆಯುವುದು, ಏತದಿಂದ ನೀರೆತ್ತುವುದು, ತೋಟದ ಕಣಿಗಳಲ್ಲಿ ನಿಂತ ನೀರನ್ನು ಹಾಳೆಯಿಂದ ಮರದ ಬುಡಕ್ಕೆ ಚೇಪುವುದು ಇವುಗಳಲ್ಲಿ ಮುಖ್ಯವಾದವು. ಇವೆಲ್ಲವೂ ಬಹಳ ಶ್ರಮದ ಕೆಲಸಗಳು. ತೋಟದ ವಿಸ್ತಾರವೆಷ್ಟು ಎಂಬುದನ್ನು ನೀರೆತ್ತುವ ತೋಳುಗಳ ಬಲವೇ ನಿರ್ಧರಿಸುತ್ತಿತ್ತು.

ಎಣ್ಣೆ ಇಂಜಿನಿನ ಪಂಪುಗಳೂ, ಹಳ್ಳಿಗಳಿಗೆ ವಿದ್ಯುತ್ ಬಂದ ಮೇಲೆ ಮೋಟಾರು ಪಂಪುಗಳೂ ಈ ಮಿತಿಯನ್ನು ತೆಗೆದುಹಾಕಿದವು. ತಗ್ಗಿನ ಬೈಲಿನಲ್ಲಿ ಮಾತ್ರ ಇದ್ದ ಅಡಿಕೆ ತೋಟಗಳು ಗುಡ್ಡದ ಇಳಿಜಾರುಗಳಿಗೂ ಹಬ್ಬಿದವು. ಆದರೆ ನೆಲದ ಮೇಲಿಟ್ಟ ಪಂಪಿಗೂ ಒಂದು ಮಿತಿಯಿದೆ. ಗಾಳಿಯ ಒತ್ತಡವೇ ನೀರನ್ನು ಚಕ್ರದ ಕಣ್ಣಿನವರೆಗೆ ಏರಿಸಬೇಕಾದ್ದರಿಂದ ಪಂಪು ನೀರಿನ ಮಟ್ಟದಿಂದ ತಾತ್ತ್ವಿಕವಾಗಿ 10 ಮೀಟರ್‌ಗಿಂತ ತುಸು ಹೆಚ್ಚು, ಬಳಕೆಯಲ್ಲಿ 6–7 ಮೀಟರ್‌ಗಿಂತ ಮೇಲಿರಲಾಗದು. ಬೇಸಿಗೆಯಲ್ಲಿ ನೀರು ಇಳಿದಂತೆ ಬಾವಿಯೊಳಗಿನ ಮೆಟ್ಟಿಲಿಗೆ ಪಂಪನ್ನು ಇಳಿಸುವ, ಓಡಿಸುವ ಮೊದಲು ಅದಕ್ಕೆ ನೀರು ತುಂಬಿಸುವ ರೂಢಿಗಳು ಈ ಕಾರಣದಿಂದ ಬಂದವು.

ಕೊಳವೆಬಾವಿಗಳ ಕಾಲದಲ್ಲಿ ಬಂದ ನೀರೊಳಗಿನ ಪಂಪುಗಳಲ್ಲಿ ಒಂದರ ಮೇಲೊಂದರಂತೆ ಅನೇಕ ಚಿಕ್ಕ ಚಕ್ರಗಳು ನಿಶ್ಚಲ ಬಟ್ಟಲುಗಳ ನಡುವೆ ತಿರುಗುತ್ತವೆ. ತಟ್ಟೆ ಘರ್ಷಣೆ ಅಲ್ಲಿಯೂ ತಪ್ಪಿದ್ದಲ್ಲ. ನೀರೆತ್ತುವುದು ಸುಲಭವಾದ ಮೇಲೆ ಅನೇಕ ಕಡೆ ಕಟ್ಟಗಳು ಕಡಿಮೆಯಾದವು, ಸುರಂಗಗಳು ಪಾಳುಬಿದ್ದವು, ಅಂತರ್ಜಲದ ಮಟ್ಟ ಕುಸಿಯಿತು. ಈಚಿನ ವರ್ಷಗಳಲ್ಲಿ ಕಟ್ಟಗಳನ್ನು ಮತ್ತೆ ಕಟ್ಟುವ ಪ್ರಯತ್ನಗಳು ನಡೆಯುತ್ತಿವೆ. ಪಂಪು ಇರುವ ನೀರನ್ನು ಎತ್ತಬಲ್ಲದು, ಇಲ್ಲದ ನೀರನ್ನು ಉಂಟುಮಾಡಲಾರದು.

ಕರ್ನಾಟಕದಲ್ಲಿ ಉದ್ಯಮದ ವಿಸ್ತರಣೆ

ಬೆಳಗಾವಿಯಿಂದ ಹೊರಟ ಉದ್ಯಮವು ಲಕ್ಷ್ಮಣರಾಯರ ಜೀವಿತಕಾಲದಲ್ಲಿಯೇ ಕನ್ನಡ ನಾಡಿಗೆ ಮರಳಿತು. 1941ರಲ್ಲಿ ಮೈಸೂರು ಸಂಸ್ಥಾನದ ಹರಿಹರದಲ್ಲಿ, ತುಂಗಭದ್ರೆಯ ದಡದಲ್ಲಿ, ಮೈಸೂರು ಕಿರ್ಲೋಸ್ಕರ್ ಕಾರ್ಖಾನೆ ಸ್ಥಾಪನೆಯಾಯಿತು. ಲೋಹವನ್ನು ಕಡೆಯುವ ಲೇತ್ ಯಂತ್ರಗಳಿಗೆ ಅದು ಹೆಸರಾಗಿತ್ತು. ಹರಿಹರವು ಕೈಗಾರಿಕಾ ಪಟ್ಟಣವಾಗಿ ಬೆಳೆಯುವಲ್ಲಿ ಅದರ ಪಾತ್ರ ದೊಡ್ಡದು. ಮುಂದೆ ಆ ಕಾರ್ಖಾನೆ ಮುಚ್ಚಿತು. 1946ರಲ್ಲಿ ಬೆಂಗಳೂರಿನಲ್ಲಿ ವಿದ್ಯುತ್ ಮೋಟಾರುಗಳ ತಯಾರಿಕೆಗಾಗಿ ಕಿರ್ಲೋಸ್ಕರ್ ಎಲೆಕ್ಟ್ರಿಕ್, ಪುಣೆಯಲ್ಲಿ ಇಂಜಿನುಗಳಿಗಾಗಿ ಕಿರ್ಲೋಸ್ಕರ್ ಆಯಿಲ್ ಇಂಜಿನ್ಸ್ ಆರಂಭವಾದವು. ಹೀಗೆ ಪಂಪು, ಅದನ್ನು ತಿರುಗಿಸುವ ಇಂಜಿನು ಮತ್ತು ಮೋಟಾರು, ಇವುಗಳ ಭಾಗಗಳನ್ನು ಕಡೆಯುವಂಥ ಲೇತ್ ಎಲ್ಲವೂ ಒಂದೇ ಮನೆತನದ ಉದ್ಯಮಗಳಲ್ಲಿ ತಯಾರಾಗತೊಡಗಿದವು.

ನಿಧನ ಮತ್ತು ಸ್ಮರಣೆ

ಲಕ್ಷ್ಮಣರಾಯರು ಸೆಪ್ಟೆಂಬರ್ 26, 1956ರಂದು ನಿಧನ ಹೊಂದಿದರು. ಅದೇ ವರ್ಷ ಬಂಟ್ವಾಳ ತಾಲೂಕಿನ ವಿಟ್ಲದಲ್ಲಿ ಅಡಿಕೆ ಸಂಶೋಧನಾ ಕೇಂದ್ರ ಸ್ಥಾಪನೆಯಾಯಿತು. ಮುಂದೆ ಅಡಿಕೆಯ ನೀರಾವರಿಯೂ ಅಲ್ಲಿನ ಅಧ್ಯಯನದ ವಿಷಯಗಳಲ್ಲಿ ಒಂದಾಯಿತು.

ಶಂಕರರಾವ್ ಕಿರ್ಲೋಸ್ಕರ್ ಅವರು ಬರೆದ 'ಯಾಂತ್ರಿಕಾಚಿ ಯಾತ್ರಾ' ಲಕ್ಷ್ಮಣರಾಯರ ಮರಾಠಿ ಜೀವನಚರಿತ್ರೆ. ಶಂತನುರಾಯರ ಇಂಗ್ಲಿಷ್ ಆತ್ಮಕಥೆ 'ಕ್ಯಾಕ್ಟಸ್ ಅಂಡ್ ರೋಸಸ್'ನಲ್ಲಿಯೂ ಕಿರ್ಲೋಸ್ಕರವಾಡಿಯ ಆರಂಭದ ದಿನಗಳ ವಿವರಗಳಿವೆ. ಲಕ್ಷ್ಮಣರಾಯರ ಜನ್ಮಶತಮಾನೋತ್ಸವದ ಅಂಗವಾಗಿ ಭಾರತೀಯ ಅಂಚೆ ಇಲಾಖೆಯು ಜೂನ್ 20, 1969ರಂದು ಅವರ ಸ್ಮರಣಾರ್ಥ ಅಂಚೆಚೀಟಿಯನ್ನು ಹೊರತಂದಿತು. ಕಿರ್ಲೋಸ್ಕರವಾಡಿಯ ಕಾರ್ಖಾನೆಯಲ್ಲಿ ಪಂಪುಗಳ ತಯಾರಿಕೆ ಮುಂದುವರಿದಿದೆ.